ಆಸ್ಪತ್ರೆಯಲ್ಲಿ ಹಾಡಿನ ತರಗತಿ

ಲಂಡನ್ ನಗರದಲ್ಲಿ ರಾಯಲ್ ಬ್ರಾಂಪ್ಟನ್ ಎಂಬ ಹಳೆಯ ಆಸ್ಪತ್ರೆಯಿದೆ. ಹೃದಯ ಮತ್ತು ಶ್ವಾಸಕೋಶದ ಕಾಯಿಲೆಗಳಿಗೆ ಹೆಸರಾದದ್ದು. 1840ರ ದಶಕದಲ್ಲಿ ಅದು ಶುರುವಾದದ್ದು ಕ್ಷಯರೋಗಿಗಳಿಗಾಗಿ. ಆ ಕಾಲದಲ್ಲಿ ಎಷ್ಟೋ ಆಸ್ಪತ್ರೆಗಳು ಕ್ಷಯ ಬಂದವರನ್ನು ಒಳಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಹೊಸ ಆಸ್ಪತ್ರೆಗೆ ಹಣ ಬೇಕಾಗಿತ್ತು. ಆಗ ಯುರೋಪಿನಲ್ಲೆಲ್ಲ ಮನೆಮಾತಾಗಿದ್ದ ಸ್ವೀಡನ್ ದೇಶದ ಗಾಯಕಿ ಜೆನ್ನಿ ಲಿಂಡ್ 1848ರಲ್ಲಿ ಒಂದು ಕಛೇರಿ ನಡೆಸಿ ಬಂದ ಹಣವನ್ನು ಆಸ್ಪತ್ರೆಗೆ ಕೊಟ್ಟರು. ಅವರ ಹಾಡು ಕೇಳಲು ಜನ ಮುಗಿಬೀಳುತ್ತಿದ್ದ ಕಾಲ ಅದು.

ಸುಮಾರು 160 ವರ್ಷಗಳ ಮೇಲೆ ಆ ಆಸ್ಪತ್ರೆಯೊಳಗೇ ಹಾಡು ಕೇಳಿಬಂತು. ಈ ಸಲ ಹಾಡಿದವರು ದೊಡ್ಡ ಗಾಯಕರಲ್ಲ, ರೋಗಿಗಳೇ. ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು ಕಟ್ಟುವವರು, ಒಂದು ಮಾತು ಮುಗಿಸುವುದರೊಳಗೆ ಎರಡು ಸಲ ಉಸಿರೆಳೆದುಕೊಳ್ಳುವವರು. ಹಾಡು ಹೇಳಿಕೊಡುವವರೊಬ್ಬರು ಬರುತ್ತಿದ್ದರು. ಎಲ್ಲರೂ ಕುರ್ಚಿಗಳನ್ನು ಎಳೆದುಕೊಂಡು ಒಟ್ಟಿಗೆ ಕೂತು ಹಾಡುತ್ತಿದ್ದರು.

ಉಸಿರೇ ಸಾಲದವರಿಂದ ಹಾಡಿಸುವುದು ಯಾವ ನ್ಯಾಯ ಎಂದು ನಿಮಗೆ ಅನ್ನಿಸಿರಬೇಕು. ಒಳ್ಳೆಯ ಪ್ರಶ್ನೆ ಅದು. ಉತ್ತರ ಸಿಗಬೇಕಾದರೆ ಮೊದಲು ನಮ್ಮ ಎದೆಗೂಡಿನ ಒಳಕ್ಕೆ ಹೋಗಿಬರೋಣ.

ನಮ್ಮ ಎದೆಯ ಎರಡು ಕಡೆ ಎರಡು ಶ್ವಾಸಕೋಶಗಳಿವೆ. ಬಲಗಡೆಯದಕ್ಕೆ ಮೂರು ಹಾಲೆ, ಎಡಗಡೆಯದಕ್ಕೆ ಎರಡೇ. ಎಡಗಡೆ ಹೃದಯಕ್ಕೂ ಜಾಗ ಬೇಕಲ್ಲ, ಅದಕ್ಕೆ ಈ ಹೊಂದಾಣಿಕೆ. ಮೂಗಿನಿಂದ ಹೋದ ಗಾಳಿ ದೊಡ್ಡ ಶ್ವಾಸನಾಳದಲ್ಲಿ ಇಳಿದು, ಎರಡಾಗಿ ಕವಲೊಡೆದು, ಮತ್ತೆ ಮತ್ತೆ ಕವಲಾಗುತ್ತ ತೀರ ಸಣ್ಣ ನಾಳಗಳನ್ನು ಮುಟ್ಟುತ್ತದೆ. ಅವುಗಳ ತುದಿಯಲ್ಲಿ ಗಾಳಿಗೂಡುಗಳಿವೆ. ದೊಡ್ಡವರಲ್ಲಿ ಇವು 30 ಕೋಟಿಯಿಂದ 50 ಕೋಟಿಯವರೆಗೆ ಇರುತ್ತವೆ. ಎಲ್ಲವನ್ನೂ ಬಿಡಿಸಿ ನೆಲದ ಮೇಲೆ ಹಾಸಿದರೆ ಸುಮಾರು 70 ಚದರ ಮೀಟರ್ ಆಗುತ್ತದೆ. ಬಹುಶಃ ನಿಮ್ಮ ತರಗತಿಯ ನೆಲಕ್ಕಿಂತ ದೊಡ್ಡದು! ಈ ಗೂಡುಗಳ ಗೋಡೆ ಬಹಳ ತೆಳು. ಗೋಡೆಯ ಆಚೆ ರಕ್ತ, ಈಚೆ ಗಾಳಿ. ಆಮ್ಲಜನಕ ಆಚೆ ದಾಟುತ್ತದೆ, ಇಂಗಾಲದ ಡೈಆಕ್ಸೈಡ್ ಈಚೆ ಬರುತ್ತದೆ. ದಿನಕ್ಕೆ ಸುಮಾರು 20,000 ಸಲ ನಾವು ಉಸಿರಾಡುವುದು ಈ ಕೊಡುಕೊಳ್ಳುವಿಕೆ ನಿಲ್ಲದಿರಲಿ ಎಂದು.

ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿಯಿಲ್ಲ. ಅದರಲ್ಲಿ ಎಳೆಯುವ ಸ್ನಾಯುಗಳಿಲ್ಲ. ಅದರ ಕೆಳಗೆ, ಎದೆಗೂ ಹೊಟ್ಟೆಗೂ ನಡುವೆ, ಕಮಾನಿನ ಹಾಗೆ ಬಾಗಿದ ಒಂದು ಅಗಲವಾದ ಸ್ನಾಯುವಿದೆ. ಅದರ ಹೆಸರು ವಪೆ. ವಪೆ ಬಿಗಿಯಾದಾಗ ಕೆಳಗಿಳಿದು ಚಪ್ಪಟೆಯಾಗುತ್ತದೆ, ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಎದೆಗೂಡನ್ನು ಮೇಲಕ್ಕೂ ಹೊರಕ್ಕೂ ಎತ್ತುತ್ತವೆ. ಒಳಗೆ ಜಾಗ ಹೆಚ್ಚಾಗುತ್ತದೆ, ಗಾಳಿ ನುಗ್ಗುತ್ತದೆ. ಉಸಿರು ಬಿಡುವಾಗ? ಸುಮ್ಮನೆ ಕೂತಿರುವಾಗ ಬಿಡಲು ನಾವು ಏನೂ ಮಾಡಬೇಕಾಗಿಲ್ಲ. ಸ್ನಾಯುಗಳು ಸಡಿಲವಾದರೆ ಸಾಕು, ಹಿಗ್ಗಿದ್ದ ಶ್ವಾಸಕೋಶ ತಾನೇ ಕುಗ್ಗಿ ಗಾಳಿಯನ್ನು ಹೊರಗೆ ಕಳಿಸುತ್ತದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಈಗ ಒಂದು ಪುಟ್ಟ ಪ್ರಯೋಗ ಮಾಡೋಣ. ಒಂದು ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಆರಾಮವಾಗಿ ಕೂತುಕೊಳ್ಳಿ. ಎರಡು ಮೂರು ಸಲ ಸುಮ್ಮನೆ ಉಸಿರಾಡಿ. ಒಳಕ್ಕೆ ಎಳೆಯುವ ಹೊತ್ತಿಗೂ ಹೊರಕ್ಕೆ ಬಿಡುವ ಹೊತ್ತಿಗೂ ಬಹಳ ವ್ಯತ್ಯಾಸವಿಲ್ಲ, ಬಿಡುವುದು ಸ್ವಲ್ಪ ಹೆಚ್ಚು ಹೊತ್ತು ಅಷ್ಟೆ. ಇನ್ನು ನಿಮಗೆ ಇಷ್ಟವಾದ ಯಾವುದಾದರೂ ಹಾಡಿನ ಎರಡು ಸಾಲು ಹಾಡಿ. ಗಮನಿಸಿದಿರಾ? ಸಾಲಿನ ಮೊದಲು ಥಟ್ಟನೆ ಒಂದು ಉಸಿರು ಒಳಗೆ ಹೋಯಿತು. ಆಮೇಲೆ ಸಾಲು ಮುಗಿಯುವವರೆಗೂ ನೀವು ಉಸಿರು ಬಿಡುತ್ತಲೇ ಇದ್ದಿರಿ. ಹೊಟ್ಟೆಯ ಮೇಲಿನ ಕೈ ನಿಧಾನವಾಗಿ ಒಳಕ್ಕೆ ಸರಿಯಿತು. ಹಾಡುವುದೆಂದರೆ ಉಸಿರನ್ನು ಹದವಾಗಿ, ಉಳಿಸಿಕೊಂಡು, ದನಿಯಾಗಿ ಬಿಡುವ ಕೆಲಸ.

ಸುಮ್ಮನಿರುವಾಗ ಶ್ವಾಸಕೋಶ ತಾನೇ ಕುಗ್ಗಿಬಿಡುತ್ತದೆ ಎಂದೆನಲ್ಲ, ಹಾಡುವಾಗ ಹಾಗೆ ಬಿಟ್ಟರೆ ಮೊದಲ ಅಕ್ಷರಕ್ಕೇ ಗಾಳಿಯೆಲ್ಲ ಖಾಲಿಯಾಗುತ್ತದೆ. ಅದಕ್ಕೆ ಎದೆಯ ಸ್ನಾಯುಗಳು ಮೊದಲು ತಡೆಹಿಡಿದು ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ಸಾಲಿನ ಕೊನೆಯಲ್ಲಿ ಗಾಳಿ ಕಡಿಮೆಯಾದಾಗ ಹೊಟ್ಟೆಯ ಸ್ನಾಯುಗಳು ಮೆಲ್ಲಗೆ ಒತ್ತಿ ಉಳಿದದ್ದನ್ನು ಹೊರಕ್ಕೆ ತರುತ್ತವೆ. ಧ್ವನಿಪೆಟ್ಟಿಗೆಯಲ್ಲಿರುವ ಎರಡು ಧ್ವನಿತಂತುಗಳು ಹತ್ತಿರ ಬಂದು ದಾರಿಯನ್ನು ಕಿರಿದು ಮಾಡುತ್ತವೆ. ಆ ಕಿರಿದಾದ ದಾರಿಯಲ್ಲಿ ಗಾಳಿ ಹಾಯುವಾಗ ತಂತುಗಳು ಸೆಕೆಂಡಿಗೆ ನೂರಾರು ಸಲ ಅದುರುತ್ತವೆ. ಒಂದೇ ಸಾಲಿಗೆ ಇಷ್ಟು ಸ್ನಾಯುಗಳು ಒಂದರ ಮಾತನ್ನು ಒಂದು ಕೇಳುತ್ತ ದುಡಿಯುತ್ತವೆ. ನನಗೆ ಇದು ಯಾವತ್ತೂ ಬೆರಗಿನ ವಿಷಯ. ಯಾವ ಮಗುವಿಗೂ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ, ಆದರೂ ಎರಡು ವರ್ಷದ ಮಗು ಹಾಡುತ್ತದೆ.

ಈಗ ಕಾಯಿಲೆಯ ಮಾತಿಗೆ ಬರೋಣ. ನಮ್ಮ ದೇಹದ ಜೀವಕೋಶಗಳು ಎಷ್ಟು ಬೇಕೋ ಅಷ್ಟೇ ಬೆಳೆದು, ಹಳೆಯವು ಸತ್ತು, ಹೊಸವು ಹುಟ್ಟುತ್ತಿರುತ್ತವೆ. ಎಲ್ಲೋ ಕೆಲವು ಕೋಶಗಳು ಈ ಕಟ್ಟುಪಾಡನ್ನು ಮುರಿದು ಮಿತಿಯಿಲ್ಲದೆ ಬೆಳೆಯತೊಡಗಿದರೆ ಅದು ಕ್ಯಾನ್ಸರ್. ಶ್ವಾಸಕೋಶದಲ್ಲಿ ಹಾಗಾದರೆ ಶ್ವಾಸಕೋಶದ ಕ್ಯಾನ್ಸರ್. ಅದು ನೆಗಡಿಯ ಹಾಗೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆ ಕಾಯಿಲೆ ಬಂದ ಅಜ್ಜನನ್ನು ಅಪ್ಪಿಕೊಳ್ಳಬಹುದು, ಅಜ್ಜಿಯ ಪಕ್ಕ ಮಲಗಬಹುದು. ಈ ಕಾಯಿಲೆಗೆ ಎಲ್ಲಕ್ಕಿಂತ ದೊಡ್ಡ ಕಾರಣ ತಂಬಾಕಿನ ಹೊಗೆ, ಅದು ನಿಜ. ಆದರೆ ಒಂದು ಬೀಡಿಯನ್ನೂ ಮುಟ್ಟದವರಿಗೂ ಬರುತ್ತದೆ. ಒಲೆಯ ಹೊಗೆ, ಕೆಟ್ಟ ಗಾಳಿ, ಕಲ್ನಾರಿನ ಧೂಳು, ಕೆಲವು ಕಡೆ ನೆಲದಿಂದ ಬರುವ ರೇಡಾನ್ ಎಂಬ ಅನಿಲ, ಇವೂ ಕಾರಣಗಳೇ. ಆದ್ದರಿಂದ ಕಾಯಿಲೆ ಬಂದವರನ್ನು ನೋಡಿ ನೀವೇ ತಂದುಕೊಂಡಿರಿ ಎನ್ನುವುದು ತಪ್ಪು. ಅವರಿಗೆ ಆಗ ಬೇಕಾಗಿರುವುದು ಆ ಮಾತಲ್ಲ.

ಈ ಕಾಯಿಲೆಯಲ್ಲಿ ಉಸಿರು ಸಾಲದಾಗುವುದಕ್ಕೆ ಒಂದೇ ದಾರಿಯಿಲ್ಲ. ಗಡ್ಡೆ ಶ್ವಾಸನಾಳದ ಒಂದು ಕವಲನ್ನು ಅಡ್ಡಗಟ್ಟಬಹುದು. ಶ್ವಾಸಕೋಶದ ಸುತ್ತ ಇರುವ ಎರಡು ಪದರಗಳ ನಡುವೆ ನೀರು ತುಂಬಿಕೊಂಡು ಒತ್ತಬಹುದು. ಶಸ್ತ್ರಚಿಕಿತ್ಸೆಯಲ್ಲಿ ಒಂದು ಹಾಲೆಯನ್ನೇ ತೆಗೆದಿರಬಹುದು. ಔಷಧಿಗಳಿಂದ ರಕ್ತ ಕಡಿಮೆಯಾಗಿ ಸುಸ್ತಾಗಿರಬಹುದು. ತಿಂಗಳುಗಟ್ಟಲೆ ಮಲಗಿದ್ದು ಕಾಲಿನ ಸ್ನಾಯುಗಳು ಸೊರಗಿದ್ದರೆ, ನಾಲ್ಕು ಹೆಜ್ಜೆ ಇಡುವುದಕ್ಕೂ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಹೊಗೆಯಿಂದ ಬರುವ ಇನ್ನೊಂದು ಕಾಯಿಲೆಯಿದೆ, ವೈದ್ಯರು ಅದನ್ನು ಸಿಒಪಿಡಿ ಎನ್ನುತ್ತಾರೆ. ಅದರಲ್ಲಿ ಗಾಳಿಯ ನಾಳಗಳು ಕಿರಿದಾಗುತ್ತವೆ, ಗಾಳಿಗೂಡುಗಳು ಹಾಳಾಗುತ್ತವೆ. ಎಷ್ಟೋ ಜನರಲ್ಲಿ ಎರಡೂ ಒಟ್ಟಿಗೆ ಇರುತ್ತವೆ.

ಇದರ ಮೇಲೆ ಭಯ ಬಂದು ಕೂರುತ್ತದೆ. ಉಸಿರು ಸಿಗದಿದ್ದಾಗ ಆಗುವ ಭಯವನ್ನು ನೀರಿನಲ್ಲಿ ಒಂದು ಕ್ಷಣ ಮುಳುಗಿದವರು ಬಲ್ಲರು. ಮಿದುಳಿನ ಬುಡದಲ್ಲಿ ಉಸಿರಾಟವನ್ನು ನಡೆಸುವ ಕೇಂದ್ರವಿದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ ಕೂಡಲೇ ಅದು ಬೇಗ ಉಸಿರಾಡು, ಬೇಗ ಉಸಿರಾಡು ಎಂದು ಅಪ್ಪಣೆ ಕೊಡುತ್ತದೆ. ಗಾಬರಿಯಾದಾಗಲೂ ಉಸಿರು ಓಡುತ್ತದೆ. ಬೇಗ ಬೇಗ ಎಳೆಯುವ ಉಸಿರು ಆಳಕ್ಕೆ ಹೋಗುವುದಿಲ್ಲ. ಭುಜ ಏರುತ್ತದೆ, ಕತ್ತಿನ ಸ್ನಾಯು ಬಿಗಿಯುತ್ತದೆ, ದಣಿವು ಹೆಚ್ಚಾಗುತ್ತದೆ, ಉಸಿರು ಇನ್ನೂ ಸಾಲದಾಗುತ್ತದೆ, ಭಯ ಇನ್ನೂ ಏರುತ್ತದೆ.

ಆಗ ಎಲ್ಲರೂ ಹೇಳುವುದು, ಚೆನ್ನಾಗಿ ಉಸಿರು ಎಳೆದುಕೊಳ್ಳಿ ಎಂದು. ಅಕ್ಕರೆಯಿಂದಲೇ ಹೇಳುತ್ತಾರೆ. ಆದರೆ ಎಷ್ಟೋ ಸಲ ತೊಂದರೆ ಇರುವುದು ಎಳೆದುಕೊಳ್ಳುವುದರಲ್ಲಿ ಅಲ್ಲ, ಬಿಡುವುದರಲ್ಲಿ. ಸಂತೆಯ ದಿನದ ಕೆಂಪು ಬಸ್ಸನ್ನು ನೆನೆಸಿಕೊಳ್ಳಿ. ಒಳಗೆ ಕಾಲಿಡಲು ಜಾಗವಿಲ್ಲ, ಬಾಗಿಲಲ್ಲಿ ಜನ ನೂಕುತ್ತಿದ್ದಾರೆ. ಕಂಡಕ್ಟರ್ ಏನು ಕೂಗುತ್ತಾರೆ? ಮೊದಲು ಇಳಿಯುವವರು ಇಳಿಯಲಿ ಎಂದು. ನಾಳಗಳು ಕಿರಿದಾದವರಲ್ಲಿ ಹಳೆಯ ಗಾಳಿ ಪೂರ್ತಿ ಇಳಿಯುವ ಮೊದಲೇ ಹೊಸ ಗಾಳಿ ಹತ್ತತೊಡಗುತ್ತದೆ. ಎದೆ ಗಾಳಿಯಿಂದ ಬಿರಿಯುವಂತೆ ತುಂಬಿರುತ್ತದೆ, ಆದರೂ ಉಸಿರು ಸಾಲದು ಅನ್ನಿಸುತ್ತದೆ. ಅಂಥವರು ಕಲಿಯಬೇಕಾದದ್ದು ನಿಧಾನವಾಗಿ, ಉದ್ದವಾಗಿ ಬಿಡುವುದನ್ನು.

ಉಸಿರಾಟಕ್ಕೆ ಇನ್ನೊಂದು ವಿಶೇಷವಿದೆ. ನಿಮ್ಮ ಹೃದಯಕ್ಕೆ ಸ್ವಲ್ಪ ನಿಲ್ಲು ಎಂದರೆ ಅದು ಕೇಳುವುದಿಲ್ಲ. ಹೊಟ್ಟೆಗೆ ಬೇಗ ಅರಗಿಸು ಎಂದರೂ ಕೇಳುವುದಿಲ್ಲ. ಉಸಿರು ಮಾತ್ರ ನಿದ್ದೆಯಲ್ಲಿ ತಾನಾಗಿ ನಡೆಯುತ್ತದೆ, ಎಚ್ಚರದಲ್ಲಿ ನಾವು ಹೇಳಿದ ಹಾಗೆಯೂ ಕೇಳುತ್ತದೆ. ಮಿದುಳಿನ ಬುಡದಲ್ಲಿರುವ ಕೇಂದ್ರದ ಜೊತೆಗೆ, ಯೋಚಿಸುವ ಮಿದುಳಿಗೂ ಉಸಿರಿನ ಸ್ನಾಯುಗಳ ಮೇಲೆ ಅಧಿಕಾರವಿದೆ. ಹಾಡುವಾಗ ನಾವು ಬಳಸುವುದು ಈ ಅಧಿಕಾರವನ್ನೇ. ನಾಲ್ಕು ಎಣಿಸಿ ಬಿಡು, ಆರು ಎಣಿಸಿ ಬಿಡು ಎನ್ನುವ ಉಸಿರಿನ ವ್ಯಾಯಾಮಗಳನ್ನೂ ವೈದ್ಯರು ಹೇಳಿಕೊಡುತ್ತಾರೆ, ಅವೂ ಒಳ್ಳೆಯವೇ. ಆದರೆ ಒಬ್ಬರೇ ಕೂತು ಎಣಿಸುವುದು ನಾಲ್ಕು ದಿನಕ್ಕೆ ಬೇಸರವಾಗುತ್ತದೆ. ತನ್ನ ಉಸಿರನ್ನೇ ಗಮನಿಸುತ್ತ ಕೂತರೆ ಕೆಲವರಿಗೆ ಭಯ ಹೆಚ್ಚಾಗುವುದೂ ಉಂಟು. ಹಾಡುವಾಗ ಮನಸ್ಸು ಹಾಡಿನ ಮೇಲಿರುತ್ತದೆ, ಉಸಿರು ಅದರ ಹಿಂದೆ ಬರುತ್ತದೆ.

ಬ್ರಾಂಪ್ಟನ್ನಿನಂಥ ತರಗತಿಯಲ್ಲಿ ಮೊದಲೇ ಹಾಡು ಶುರುವಾಗುವುದಿಲ್ಲ. ಮೊದಲು ಮೈ ಸಡಿಲ ಮಾಡಿಕೊಳ್ಳುತ್ತಾರೆ. ಭುಜಗಳನ್ನು ತಿರುಗಿಸುವುದು, ಕತ್ತನ್ನು ಮೆಲ್ಲಗೆ ಹೊರಳಿಸುವುದು, ಪಾದಗಳನ್ನು ನೆಲಕ್ಕೆ ಊರಿ ಬೆನ್ನು ನೆಟ್ಟಗೆ ಮಾಡಿ ಕೂರುವುದು. ಆಮೇಲೆ ಉಸಿರು. ಅದರಲ್ಲೂ ಮೊದಲು ಬಿಡುವುದು! ಶ್ ಎಂದೋ ಫ್ ಎಂದೋ ಸಣ್ಣ ಸದ್ದು ಮಾಡುತ್ತ ಒಳಗಿರುವುದನ್ನು ಬಿಟ್ಟರೆ, ಹೊಸ ಉಸಿರು ಕರೆಯದೆಯೇ ಒಳಗೆ ಬರುತ್ತದೆ. ಭುಜ ಏರಿಸದೆ, ಸದ್ದಿಲ್ಲದೆ, ಹೊಟ್ಟೆಯ ಕಡೆಗೆ ಉಸಿರು ಇಳಿಯಲಿ ಎಂದು ಹೇಳಿಕೊಡುತ್ತಾರೆ. ತುಟಿಗಳನ್ನು ಅದುರಿಸಿ ಬ್ರ್ರ್ ಎನ್ನುವುದೂ ಇದೆ, ಪುಟ್ಟ ಮಕ್ಕಳು ಆಟದ ಬಸ್ಸು ಓಡಿಸುವಾಗ ಮಾಡುತ್ತಾರಲ್ಲ, ಹಾಗೆ. ದೊಡ್ಡವರು ಅದನ್ನು ಮಾಡುವಾಗ ನಗು ತಡೆಯಲಾಗುವುದಿಲ್ಲ. ನಗುವೂ ಉದ್ದವಾದ ಉಸಿರೇ ಅಲ್ಲವೇ?

ಹಾಡುಗಳನ್ನು ಆರಿಸುವುದರಲ್ಲಿ ಜಾಣತನ ಬೇಕು. ಸಾಲುಗಳು ಚಿಕ್ಕವಿರಬೇಕು, ನಡುವೆ ಉಸಿರಿಗೆ ಬಿಡುವು ಇರಬೇಕು. ತೀರ ಎತ್ತರದ ಸ್ವರ ಬೇಡ. ಮೊದಲು ಹೇಳಿಕೊಡುವವರು ಒಂದು ಸಾಲು ಹಾಡುತ್ತಾರೆ, ಮಿಕ್ಕವರು ಅದನ್ನೇ ತಿರುಗಿ ಹಾಡುತ್ತಾರೆ. ನಮ್ಮ ಭಜನೆಗಳಲ್ಲಿ, ಸೋಬಾನೆ ಪದಗಳಲ್ಲಿ ಇರುವ ಕ್ರಮವೇ ಅದು. ಹೀಗೆ ಹಾಡಿದರೆ ಪ್ರತಿ ಸಾಲಿನ ನಂತರ ತಾನಾಗಿ ವಿಶ್ರಾಂತಿ ಸಿಗುತ್ತದೆ. ವಾರಗಳು ಕಳೆದಂತೆ ಸಾಲುಗಳನ್ನು ಸ್ವಲ್ಪ ಸ್ವಲ್ಪ ಉದ್ದ ಮಾಡುತ್ತಾರೆ. ಉಸಿರು ಮುಗಿದರೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಪಕ್ಕದವರು ಹಾಡುತ್ತಿರುತ್ತಾರೆ, ಹಾಡು ನಿಲ್ಲುವುದಿಲ್ಲ. ಸುಸ್ತಾದವರು ಮತ್ತೆ ಸೇರಿಕೊಳ್ಳಬಹುದು. ಒಟ್ಟಿಗೆ ಹಾಡುವುದರ ದೊಡ್ಡ ಲಾಭ ಇದೇ ಎಂದು ನನಗನ್ನಿಸುತ್ತದೆ.

ಇಷ್ಟಾದರೂ ವಿಜ್ಞಾನಿ ಒಪ್ಪುವುದಿಲ್ಲ. ಹಾಡಿನ ತರಗತಿಗೆ ಬಂದವರು ಚೆನ್ನಾಗಿದೆ ಎಂದರೆ ಸಾಕೇ? ಅವರಿಗೆ ಒಳ್ಳೆಯದಾದದ್ದು ಹಾಡಿನಿಂದಲೋ, ವಾರಕ್ಕೆ ಎರಡು ಸಲ ಮನೆಯಿಂದ ಹೊರಗೆ ಬಂದು ತಮ್ಮಂಥವರ ಜೊತೆ ಮಾತಾಡಿದ್ದರಿಂದಲೋ? ಇದನ್ನು ಬೇರ್ಪಡಿಸಿ ತಿಳಿಯುವುದು ಹೇಗೆ? ಬ್ರಾಂಪ್ಟನ್ನಿನ ಸಂಶೋಧಕರು ಒಂದು ಉಪಾಯ ಮಾಡಿದರು. ಸಿಒಪಿಡಿ ಇರುವ ಕೆಲವರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಎರಡು ಸಲದಂತೆ 8 ವಾರ ಹಾಡಿನ ತರಗತಿ. ಇನ್ನೊಂದು ಗುಂಪಿಗೆ ಅಷ್ಟೇ ಕಾಲ ಸಿನಿಮಾ ಕೂಟ! ಅವರು ಒಟ್ಟಿಗೆ ಸೇರಿ ಸಿನಿಮಾ ನೋಡಿ ಅದರ ಬಗ್ಗೆ ಮಾತಾಡಿದರು. ಎರಡು ಗುಂಪಿಗೂ ಹೊರಗೆ ಬರುವ ಖುಷಿ, ಜೊತೆಗಾರರು, ಮಾತುಕತೆ ಎಲ್ಲ ಸಿಕ್ಕಿತು. ವ್ಯತ್ಯಾಸ ಹಾಡು ಮಾತ್ರ.

2012ರಲ್ಲಿ ಪ್ರಕಟವಾದ ಆ ಅಧ್ಯಯನ ಸಣ್ಣದು. ದೈಹಿಕವಾಗಿ ತಾವು ಹೇಗಿದ್ದೇವೆ, ದಿನದ ಕೆಲಸಗಳನ್ನು ಎಷ್ಟು ಮಾಡಿಕೊಳ್ಳಬಲ್ಲೆವು ಎಂಬ ಪ್ರಶ್ನೆಗಳಿಗೆ ಹಾಡಿದವರ ಉತ್ತರ ಸಿನಿಮಾ ನೋಡಿದವರ ಉತ್ತರಕ್ಕಿಂತ ಸುಧಾರಿಸಿತ್ತು. ಹಾಗೆಂದು ಹಾಳಾದ ಗಾಳಿಗೂಡುಗಳು ಸರಿಯಾದವೇ? ಇಲ್ಲ. ಹಾಡಿದ ಮಾತ್ರಕ್ಕೆ ಕೆಟ್ಟ ಶ್ವಾಸಕೋಶ ಹೊಸದಾಗುವುದಿಲ್ಲ. ಇರುವ ಉಸಿರನ್ನು ಬಳಸುವ ರೀತಿ ಬದಲಾಗುತ್ತದೆ. ಕೈಯಲ್ಲಿರುವ ಉಸಿರು ಅಷ್ಟೇ, ಬದುಕು ಕೊಂಚ ಹಗುರ. ಈ ವ್ಯತ್ಯಾಸವನ್ನು ಮರೆತು ಮಾತಾಡುವವರನ್ನು ನಂಬಬೇಡಿ.

ಸಿನಿಮಾ ಕೂಟದ ಈ ಉಪಾಯ ನನಗೆ ಬಹಳ ಇಷ್ಟ. ಒಂದು ಸಂಗತಿಯನ್ನು ಪರೀಕ್ಷಿಸಬೇಕಾದರೆ ಮಿಕ್ಕದ್ದೆಲ್ಲವನ್ನೂ ಸಮ ಮಾಡಿಟ್ಟು ಅದೊಂದನ್ನೇ ಬದಲಿಸಿ ನೋಡಬೇಕು ಎಂಬುದನ್ನು ಇಷ್ಟು ಚೆಂದವಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ. ನಿಮ್ಮ ಶಾಲೆಯ ವಿಜ್ಞಾನ ಮೇಳಕ್ಕೆ ಎರಡು ಕುಂಡಗಳಲ್ಲಿ ಹೆಸರುಕಾಳು ಬೆಳೆಸುವಾಗಲೂ ನೀವು ಮಾಡುವುದು ಇದನ್ನೇ.

ಆಮೇಲೆ ಡೆನ್ಮಾರ್ಕ್ ದೇಶದಲ್ಲಿ ದೊಡ್ಡ ಪರೀಕ್ಷೆಯೊಂದು ನಡೆಯಿತು. ಸಿಒಪಿಡಿ ಇರುವ 270 ಜನ. ಅರ್ಧದಷ್ಟು ಜನರಿಗೆ 10 ವಾರ ಎಂದಿನ ದೈಹಿಕ ವ್ಯಾಯಾಮ, ಉಳಿದವರಿಗೆ ಅದರ ಬದಲು ಹಾಡು. ಮೊದಲೂ ಕೊನೆಗೂ ಎಲ್ಲರನ್ನೂ ನಡೆಸಿ ನೋಡಿದರು. ಅದಕ್ಕೆ ಆರು ನಿಮಿಷದ ನಡಿಗೆ ಪರೀಕ್ಷೆ ಎನ್ನುತ್ತಾರೆ. ಉದ್ದನೆಯ ಓಣಿಯಲ್ಲಿ ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೆದಿರಿ ಎಂದು ಅಳೆಯುವುದು, ಅಷ್ಟೇ. 2022ರಲ್ಲಿ ಪ್ರಕಟವಾದ ಫಲಿತಾಂಶ ಏನು ಗೊತ್ತೇ? ಹಾಡಿದವರು ವ್ಯಾಯಾಮ ಮಾಡಿದವರಿಗಿಂತ ಹಿಂದೆ ಬೀಳಲಿಲ್ಲ. ವ್ಯಾಯಾಮದ ತರಬೇತಿ ಪಡೆದವರಿಗೆ ಸಮನಾಗಿ ಹಾಡಿದವರು ನಡೆದರು ಎಂಬುದು ಸಣ್ಣ ಮಾತಲ್ಲ.

ಕೋವಿಡ್ ಬಂದುಹೋದ ಮೇಲೂ ತಿಂಗಳುಗಟ್ಟಲೆ ಏದುಸಿರು ಬಿಡುತ್ತಿದ್ದವರಿಗಾಗಿ 2020ರಲ್ಲಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಒಪೆರಾ ಎಂಬ ಸಂಗೀತ ನಾಟಕ ಸಂಸ್ಥೆ, ಅಲ್ಲಿನ ಇಂಪೀರಿಯಲ್ ಕಾಲೇಜಿನ ವೈದ್ಯರೊಡನೆ ಸೇರಿ ಇನ್ನೊಂದು ಕಾರ್ಯಕ್ರಮ ಶುರುಮಾಡಿತು. ಆಗ ಒಂದೆಡೆ ಸೇರುವಂತಿರಲಿಲ್ಲ, ಹಾಗಾಗಿ ಕಂಪ್ಯೂಟರಿನ ಪರದೆಯಲ್ಲೇ ಪಾಠ. ಅವರು ಆರಿಸಿಕೊಂಡ ಹಾಡುಗಳು ಯಾವುವು? ಜೋಗುಳಗಳು! ಮಗುವನ್ನು ಮಲಗಿಸಲೆಂದು ಹುಟ್ಟಿದ ಹಾಡು ಹಾಡುವವರನ್ನೂ ಶಾಂತವಾಗಿಸುತ್ತದೆ, ಸಂಗೀತ ಬಾರದವರೂ ಅದನ್ನು ಹಾಡಬಲ್ಲರು. 150 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಹಾಡಿದವರ ಮನಸ್ಸಿನ ನೆಮ್ಮದಿ ಹೆಚ್ಚಿತ್ತು, ಉಸಿರಿನ ಕಷ್ಟವೂ ಕೆಲವು ಅಳತೆಗಳಲ್ಲಿ ತಗ್ಗಿತ್ತು.

ಕ್ಯಾನ್ಸರ್ ಬಂದವರು ಹಾಡಿದರೆ? ಬ್ರಿಟನ್ನಿನ ಭಾಗವಾದ ವೇಲ್ಸ್ ದೇಶದಲ್ಲಿ ಟೆನೋವಸ್ ಎಂಬ ಸಂಸ್ಥೆ ಕ್ಯಾನ್ಸರ್ ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಹಾಡಿನ ಗುಂಪುಗಳನ್ನು ಶುರುಮಾಡಿತು. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಐದು ಗುಂಪುಗಳ 193 ಜನರ ಜೊಲ್ಲನ್ನು ಹಾಡುವ ಮೊದಲು ಮತ್ತು ಹಾಡಿದ ಮೇಲೆ ಪರೀಕ್ಷಿಸಿದರು. ಜೊಲ್ಲು ಏಕೆ ಎಂದರೆ, ನಾವು ಆತಂಕದಲ್ಲಿರುವಾಗ ದೇಹದಲ್ಲಿ ಕಾರ್ಟಿಸೋಲ್ ಎಂಬ ರಾಸಾಯನಿಕ ಏರುತ್ತದೆ, ಅದರ ಸುಳಿವು ಜೊಲ್ಲಿನಲ್ಲೂ ಸಿಗುತ್ತದೆ. ಸೂಜಿ ಚುಚ್ಚಬೇಕಾಗಿಲ್ಲ. ಹಾಡಿದ ಮೇಲೆ ಕಾರ್ಟಿಸೋಲ್ ಇಳಿದಿತ್ತು, ಜನರ ಮನಸ್ಸೂ ಹಗುರಾಗಿತ್ತು. ಆದರೆ ಇಲ್ಲಿ ಹೋಲಿಸಿ ನೋಡಲು ಸಿನಿಮಾ ಕೂಟದಂಥ ಇನ್ನೊಂದು ಗುಂಪು ಇರಲಿಲ್ಲ ಎಂಬುದನ್ನು ನೀವು ಈಗಾಗಲೇ ಗಮನಿಸಿರಬೇಕು. ಆದ್ದರಿಂದ ಈ ಸಾಕ್ಷಿಗೆ ಬ್ರಾಂಪ್ಟನ್ನಿನ ಪರೀಕ್ಷೆಯಷ್ಟು ತೂಕವಿಲ್ಲ. ಸಾಕ್ಷಿಯಂತೂ ಹೌದು.

ಹೃದಯದ ಸಂಗತಿಯೊಂದನ್ನು ಹೇಳದೆ ಮುಂದೆ ಹೋಗಲಾರೆ. ಮಣಿಕಟ್ಟಿನ ನಾಡಿ ಹಿಡಿದು ನಿಧಾನವಾಗಿ ಉಸಿರಾಡಿ ನೋಡಿ. ಉಸಿರು ಎಳೆದುಕೊಳ್ಳುವಾಗ ಹೃದಯ ಕೊಂಚ ಬೇಗ ಬಡಿಯುತ್ತದೆ, ಬಿಡುವಾಗ ಕೊಂಚ ನಿಧಾನ. ಮಕ್ಕಳಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ಹೃದಯಕ್ಕೆ ನೇರವಾಗಿ ಅಪ್ಪಣೆ ಕೊಡಲಾಗದಿದ್ದರೂ ಉಸಿರಿನ ಮೂಲಕ ಅದನ್ನು ಮುಟ್ಟಬಹುದು ಎಂದಾಯಿತು. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18 ವರ್ಷದ 15 ಯುವಕ ಯುವತಿಯರಿಂದ ಒಟ್ಟಿಗೆ ಹಾಡಿಸಿದರು. ಒಂದೇ ಹಾಡು ಹಾಡುವಾಗ ಎಲ್ಲರೂ ಒಂದೇ ಜಾಗದಲ್ಲಿ ಉಸಿರು ತೆಗೆದುಕೊಳ್ಳುತ್ತಾರಲ್ಲ, ಅವರ ಹೃದಯಗಳ ವೇಗವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯತೊಡಗಿತು.

ಒಂದೇ ಶ್ವಾಸಕೋಶವಿದ್ದರೂ ಬದುಕಬಹುದೇ ಎಂದು ಕೇಳುವ ಮಕ್ಕಳಿದ್ದಾರೆ. ಬದುಕಬಹುದು. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಎವರ್ಟ್ಸ್ ಗ್ರಹಾಂ ಎಂಬ ಶಸ್ತ್ರವೈದ್ಯರು ಕ್ಯಾನ್ಸರ್ ಬಂದ ಒಬ್ಬರ ಎಡ ಶ್ವಾಸಕೋಶವನ್ನು ಪೂರ್ತಿ ತೆಗೆದರು. ಆ ರೋಗಿ ಆಮೇಲೆ ಸುಮಾರು 30 ವರ್ಷ ಬದುಕಿದರು. ಹಾಡಬಹುದೇ ಎಂದು ಕೇಳಿದರೆ ನಮ್ಮ ನಾಡಿನಲ್ಲೇ ಉತ್ತರವಿದೆ.

ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಮಕಲಿ ಎಂಬ ಹುಡುಗ ಎಳೆಯ ವಯಸ್ಸಿನಲ್ಲೇ ದೊಡ್ಡ ಗಾಯಕರಂತೆ ಹಾಡಿ ಎಲ್ಲರನ್ನೂ ಬೆರಗುಗೊಳಿಸಿದ. ಅವನಿಗೆ ಆಗಲೇ ಕುಮಾರ ಗಂಧರ್ವ ಎಂಬ ಬಿರುದು ಬಂತು, ಮುಂದೆ ಅದೇ ಹೆಸರಾಯಿತು. ಹರೆಯದಲ್ಲಿ ಅವರಿಗೆ ಕ್ಷಯ ತಗುಲಿತು. ಒಂದು ಶ್ವಾಸಕೋಶ ಕೆಟ್ಟಿತು. ಹಾಡಬಾರದು ಎಂದು ವೈದ್ಯರು ಹೇಳಿದರು. ಒಣ ಹವೆಯ ಊರು ಒಳ್ಳೆಯದೆಂದು ಮಧ್ಯಪ್ರದೇಶದ ದೇವಾಸ್‌ಗೆ ಹೋಗಿ ನೆಲೆಸಿದ ಅವರು ಕೆಲವು ವರ್ಷ ಹಾಸಿಗೆಯಲ್ಲೇ ಕಳೆದರು. ಹಾಡಲಾಗದ ಆ ದಿನಗಳಲ್ಲಿ ಸುತ್ತಲಿನ ಮಾಳವದ ಹಳ್ಳಿಯ ಹಾಡುಗಳನ್ನು ಕೇಳಿಸಿಕೊಂಡರು. ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿ ಆಗ ಹೊಸದಾಗಿ ಬಂದಿತ್ತು. ಅದು ಅವರನ್ನು ಉಳಿಸಿತು. 1953ರಲ್ಲಿ ಅವರು ಮತ್ತೆ ವೇದಿಕೆ ಹತ್ತಿದರು.

ಮತ್ತೆ ಹಾಡಿದಾಗ ಅವರ ಹಾಡಿನ ರೀತಿ ಎಲ್ಲರಂತಿರಲಿಲ್ಲ. ಉದ್ದುದ್ದ ಎಳೆಯುವ ಬದಲು ಚಿಕ್ಕ ಚಿಕ್ಕ ಸ್ವರಗುಚ್ಛಗಳು, ನಡುವೆ ಮೌನ, ಮತ್ತೆ ಥಟ್ಟನೆ ಏರುವ ದನಿ. ಉಸಿರು ಕಡಿಮೆಯಿದ್ದುದೂ ಈ ಶೈಲಿಗೆ ಒಂದು ಕಾರಣ ಎಂದು ಸಂಗೀತ ಬಲ್ಲವರು ಹೇಳುತ್ತಾರೆ. ಇರುವ ಉಸಿರಿಗೆ ತಕ್ಕಂತೆ ಸಾಲನ್ನು ಕತ್ತರಿಸಿಕೊಳ್ಳಿ ಎಂದು ಇವತ್ತು ಆಸ್ಪತ್ರೆಯ ತರಗತಿಗಳಲ್ಲಿ ಹೇಳಿಕೊಡುವುದನ್ನು ಅವರು ತಾವಾಗಿ ಕಂಡುಕೊಂಡಿದ್ದರು. 1992ರಲ್ಲಿ ತೀರಿಕೊಳ್ಳುವವರೆಗೂ ಅವರ ಸಂಗೀತ ನಿಲ್ಲಲಿಲ್ಲ. ಅವರ ಕಾಯಿಲೆ ಕ್ಷಯ, ಕ್ಯಾನ್ಸರ್ ಅಲ್ಲ. ಗುಣಪಡಿಸಿದ್ದು ಔಷಧಿ, ಹಾಡಲ್ಲ. ಎರಡನ್ನೂ ನೆನಪಿನಲ್ಲಿಟ್ಟುಕೊಂಡೇ ಈ ಕಥೆ ಹೇಳಬೇಕು.

ಇನ್ನು ಬಹಳ ಮುಖ್ಯವಾದ ಮಾತು. ಹಾಡಿದರೆ ಕ್ಯಾನ್ಸರ್ ಕರಗುವುದಿಲ್ಲ. ಶಸ್ತ್ರಚಿಕಿತ್ಸೆ, ವಿಕಿರಣ, ಔಷಧಿ, ಇವು ಮಾಡುವ ಕೆಲಸವನ್ನು ಯಾವ ರಾಗವೂ ಮಾಡಲಾರದು. ಹಾಡಿನ ಚಿಕಿತ್ಸೆ ಎಂದರೆ ಅವುಗಳ ಜೊತೆಗೆ ನಿಲ್ಲುವ ಆಸರೆ. ಏದುಸಿರನ್ನು ಹಿಡಿತಕ್ಕೆ ತಂದುಕೊಳ್ಳಲು, ಭಯವನ್ನು ತಗ್ಗಿಸಲು, ಸೊರಗಿದ ಸ್ನಾಯುಗಳಿಗೆ ಸ್ವಲ್ಪ ಕೆಲಸ ಕೊಡಲು, ತಾನು ಬರೀ ರೋಗಿಯಲ್ಲ ಎಂದು ನೆನಪಿಸಿಕೊಳ್ಳಲು ಅದು ನೆರವಾಗುತ್ತದೆ. ಹಾಡಿದರೆ ಸಾಕು, ಔಷಧಿ ಬೇಡ ಎಂದು ಯಾರಾದರೂ ನಿಮ್ಮ ಮನೆಯವರಿಗೆ ಹೇಳಿದರೆ ಅದು ಅಪಾಯದ ಮಾತು.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಉಸಿರಿನ ಕಾಯಿಲೆಯವರು ಯಾರಾದರೂ ಇದ್ದರೆ, ನಿಮ್ಮಿಂದ ಒಂದು ಕೆಲಸ ಆದೀತು. ಮೊದಲು ಅವರ ವೈದ್ಯರನ್ನು ಕೇಳಲು ದೊಡ್ಡವರಿಗೆ ಹೇಳಿ. ಶಸ್ತ್ರಚಿಕಿತ್ಸೆಯಾಗಿ ಗಾಯ ಮಾಗುತ್ತಿರುವವರು, ಕೆಮ್ಮಿದರೆ ರಕ್ತ ಬರುವವರು, ಎದೆನೋವು ಇರುವವರು ವೈದ್ಯರು ಹೇಳುವವರೆಗೂ ಕಾಯಲೇಬೇಕು. ವೈದ್ಯರು ಆಗಬಹುದು ಎಂದರೆ ಅವರ ಪಕ್ಕ ಕೂತುಕೊಳ್ಳಿ. ಹಾಡನ್ನು ಅವರೇ ಆರಿಸಲಿ. ನಿಮಗೆ ಗೊತ್ತಿಲ್ಲದ ಹಳೆಯ ಹಾಡಾದರೆ ಅವರಿಂದಲೇ ಕಲಿತುಕೊಳ್ಳಿ. ತಗ್ಗಿನ ಶ್ರುತಿಯಲ್ಲಿ ಹಾಡಿ. ಅವರಿಗಿಂತ ಮುಂದೆ ಓಡಬೇಡಿ, ಅವರು ನಿಂತ ಕಡೆ ನೀವು ಸಾಲನ್ನು ಮುಂದುವರಿಸಿ, ಅವರು ಮತ್ತೆ ಸೇರಿಕೊಳ್ಳಲು ಕಾಯಿರಿ. ಐದು ನಿಮಿಷ ಸಾಕು. ತಲೆ ಸುತ್ತಿತು, ಸುಸ್ತಾಯಿತು ಎಂದರೆ ಅಲ್ಲಿಗೇ ನಿಲ್ಲಿಸಿ. ನಾಳೆ ಮತ್ತೆ ಕೇಳಿ, ಇವತ್ತು ಯಾವ ಹಾಡು ಎಂದು.